ವಸತಿಯ ಲೆಕ್ಕ

ಜಪಾನಿನ ರೇವುಪಟ್ಟಣವಾದ ಒಸಾಕದಲ್ಲಿ 1979ರಲ್ಲಿ ಹೊಸ ಬಗೆಯ ವಸತಿಗೃಹವೊಂದು ಆರಂಭವಾಯಿತು. ಅಲ್ಲಿ ಪ್ರಯಾಣಿಕನಿಗೆ ದೊರೆಯುವುದು ಕೋಣೆಯಲ್ಲ, ಒಬ್ಬನು ಮಲಗುವಷ್ಟು ಎಡೆಯುಳ್ಳ ಗೂಡು. ಸ್ನಾನಗೃಹ ಎಲ್ಲರಿಗೂ ಒಂದೇ. ಅಗತ್ಯವಿದ್ದಷ್ಟಕ್ಕೆ ಮಾತ್ರ ಹಣ ತೆರುವುದೇ ಅದರ ತತ್ತ್ವ.

ಚಿತ್ರದುರ್ಗದ ಕೋಟೆಯನ್ನೂ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವನ್ನೂ ಕಾಣಬಯಸುವ ಬಡ ವಿದ್ಯಾರ್ಥಿಗೂ ಈ ತತ್ತ್ವ ದಾರಿ ತೋರುತ್ತದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳು ದುರ್ಗದಿಂದ ಹೊರಟು ದುರ್ಗಕ್ಕೇ ಮರಳುವ ಸುತ್ತುದಾರಿಯಲ್ಲಿವೆ. ಸಾಗರವಿರುವುದು ಕೊನೆಯ ಎರಡು ಊರುಗಳ ನಡುವೆ. ಆದುದರಿಂದ ಊರೂರಿನಲ್ಲೂ ಕೋಣೆ ಹಿಡಿಯಬೇಕಿಲ್ಲ. ದುರ್ಗದಲ್ಲೊಂದು ಹಾಸಿಗೆ ಸಾಕು. ಅದು ಬಸ್ ನಿಲ್ದಾಣಕ್ಕೆ ಸಮೀಪವಿರಲಿ. ದೂರದ ಅಗ್ಗದ ಕೋಣೆಯಲ್ಲಿ ಉಳಿಸಿದ ಬಾಡಿಗೆಯನ್ನು ಆಟೋ ನುಂಗಿಬಿಡುತ್ತದೆ. ಬಾಗಿಲಿಗೆ ಭದ್ರವಾದ ಅಗಣಿ, ಕುಡಿಯಲು ಶುದ್ಧವಾದ ನೀರು, ಇವೆರಡರಲ್ಲಿ ಮಾತ್ರ ಜಿಪುಣತನ ಸಲ್ಲದು. ಹೀಗೆ ಉಳಿದ ಹಣವೇ ಮತ್ತೊಂದು ಊರನ್ನು ತೋರಿಸುತ್ತದೆ.