ಗೇರ್‌ಬಾಕ್ಸನ್ನು ಒಳಗೆ ನೋಡು

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ನಮ್ಮೂರು ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಟ್ರೇಲರ್ ಎಳೆಯುವ ಗಾಡಿಯ ಪಾಠವನ್ನೂ ನಾನು ಈ ಮಾತಿನಿಂದಲೇ ಶುರು ಮಾಡುತ್ತೇನೆ.

ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಇದೆಯಲ್ಲ, ಅದು ಎಂಜಿನ್ ಸುತ್ತ ಹರಿಯುವ ನೀರಿನ ಬಿಸಿಯನ್ನಷ್ಟೇ ಬಲ್ಲದು. ಗೇರ್‌ಬಾಕ್ಸಿನ ಎಣ್ಣೆಯ ಸುದ್ದಿ ಅದಕ್ಕಿಲ್ಲ. ಮುಳ್ಳು ನಡುವೆ ನಿಂತಿದೆಯೆಂದು ನೀವು ನೆಮ್ಮದಿಯಾಗಿ ಎಳೆಯುತ್ತಿರುತ್ತೀರಿ, ಒಳಗೆ ಎಣ್ಣೆ ಸೀಯುತ್ತಿರುತ್ತದೆ.

ಕೈಯಿಂದ ಗೇರ್ ಹಾಕುವ ಗಾಡಿಯಲ್ಲಿ ಭಾರಕ್ಕೆ ಮೊದಲು ಸುಡುವುದು ಕ್ಲಚ್. ಅದರ ವಾಸನೆ ಮೂಗಿಗೆ ಬಡಿಯುತ್ತದೆ, ನೀವು ನಿಲ್ಲಿಸುತ್ತೀರಿ. ಆಟೋಮ್ಯಾಟಿಕ್ ಪಿಕಪ್ಪಿನ ಕತೆ ಬೇರೆ. ಅಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಇಲ್ಲಿ ಫ್ಯಾನುಗಳ ಬದಲು ರೆಕ್ಕೆಯ ಚಕ್ರಗಳು, ಗಾಳಿಯ ಬದಲು ಎಣ್ಣೆ. ಭಾರ ಹೇರಿಕೊಂಡು ಏರು ಹತ್ತುವಾಗ ಎಂಜಿನ್ ಕಡೆಯ ಚಕ್ರ ಜೋರಾಗಿ, ಗೇರ್ ಕಡೆಯದು ನಿಧಾನವಾಗಿ ಸುತ್ತುತ್ತದೆ. ಆ ವ್ಯತ್ಯಾಸದಲ್ಲಿ ಪೋಲಾದ ಶಕ್ತಿಯೆಲ್ಲ ಬಿಸಿಯಾಗಿ ಎಣ್ಣೆಗೆ ಸೇರುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದರೆ ಎರಡೂ ಚಕ್ರಗಳು ಕಚ್ಚಿಕೊಂಡು ಒಂದಾಗುತ್ತವೆ, ಬಿಸಿ ಇಳಿಯುತ್ತದೆ. ಕುಡುತಿನಿಯಂಥ ಬಯಲಿನಲ್ಲಿ ತಣ್ಣಗಿದ್ದ ಗಾಡಿ ಸಂಡೂರಿನ ಏರಿನಲ್ಲಿ ಕಾಯುವುದು ಇದಕ್ಕೇ.

ಎಷ್ಟು ಬಿಸಿ ಸರಿ? ಸಾಮಾನ್ಯ ಓಡಾಟದಲ್ಲಿ 80ರಿಂದ 95 ಡಿಗ್ರಿ ಸೆಲ್ಸಿಯಸ್. ಟ್ರೇಲರ್ ಹಿಂದಿದ್ದಾಗ 105 ಕಂಡರೆ ಗಾಬರಿ ಬೇಡ. 120 ದಾಟಿತೆಂದರೆ ಕಾಲು ಸಡಿಲಿಸಿ. 130 ಆದರೆ ನಿಲ್ಲಿಸಿ. ಗಾಡಿಯ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಮಿತಿ ಮೀರಿದ ಮೇಲೆ ಹೆಚ್ಚುಕಡಿಮೆ ಪ್ರತಿ 10 ಡಿಗ್ರಿಗೆ ಎಣ್ಣೆಯ ಆಯುಷ್ಯ ಅರ್ಧವಾಗುತ್ತದೆಂದು ಲೆಕ್ಕ ಇಟ್ಟುಕೊಳ್ಳಿ.

ಈ ಅಂಕಿ ಕಾಣಲು ಸ್ಟೀರಿಂಗ್ ಕೆಳಗಿನ ಓಬಿಡಿ ಕಿಂಡಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಜಾಗ) ಒಂದು ಪುಟ್ಟ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಬಹುದು. ಕೊಳ್ಳುವ ಮೊದಲು ನಿಮ್ಮ ಗಾಡಿಯ ಗೇರ್‌ಬಾಕ್ಸ್ ಬಿಸಿಯನ್ನು ಅದು ಓದುತ್ತದೆಯೇ ಎಂದು ಕೇಳಿಕೊಳ್ಳಿ, ಎಲ್ಲವೂ ಓದುವುದಿಲ್ಲ.

ಬಿಸಿ ಏರಿದಾಗ ಹೊಸಬರು ಮಾಡುವ ಮೊದಲ ತಪ್ಪು ಎಂದರೆ ಗಾಡಿ ನಿಲ್ಲಿಸಿ ಕೀಲಿ ತಿರುಗಿಸಿಬಿಡುವುದು. ಎಣ್ಣೆಯನ್ನು ತಣಿಸಲು ಕೂಲರಿಗೆ ಕಳಿಸುವ ಪಂಪ್ ತಿರುಗುವುದೇ ಎಂಜಿನ್ನಿನಿಂದ. ಎಂಜಿನ್ ಆರಿದರೆ ಕಾದ ಎಣ್ಣೆ ಇದ್ದಲ್ಲೇ ನಿಲ್ಲುತ್ತದೆ. ಆದ್ದರಿಂದ ನೆರಳಿನಲ್ಲಿ ನಿಲ್ಲಿಸಿ, ಪಾರ್ಕಿಗೆ ಹಾಕಿ, ಎಂಜಿನ್ ಓಡಲು ಬಿಡಿ, ಏಸಿ ಆರಿಸಿ. ಅಂಕಿ 95ರ ಹತ್ತಿರ ಬರುವವರೆಗೆ ಚಹಾ ಕುಡಿಯಿರಿ.

ಆದರೆ ಉಜ್ಜಿನಿಯ ರಸ್ತೆಯಲ್ಲಿ ಎಳೆಯುವುದು ಬಹುಮಟ್ಟಿಗೆ ಟ್ರ್ಯಾಕ್ಟರೇ. ಬೇಸಿಗೆಯಲ್ಲಿ 5,000 ಲೀಟರಿನ ನೀರಿನ ಟ್ಯಾಂಕರ್ ಕಟ್ಟಿದರೆ ಬರೀ ನೀರೇ 5 ಟನ್; ಮೇಲೆ 40 ಡಿಗ್ರಿ ಬಿಸಿಲು. ಹಲವು ಟ್ರ್ಯಾಕ್ಟರುಗಳಲ್ಲಿ ಗೇರ್, ಹೈಡ್ರಾಲಿಕ್, ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಎಲ್ಲಕ್ಕೂ ಒಂದೇ ಎಣ್ಣೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಹಿಡಿದರೆ ಆ ಬಿಸಿಯೂ ಅದಕ್ಕೇ. ಸ್ಕ್ಯಾನರ್ ಸಿಕ್ಕಿಸಲು ಹಳೆಯ ಟ್ರ್ಯಾಕ್ಟರಿನಲ್ಲಿ ಕಿಂಡಿಯಿಲ್ಲ. ದೂರದಿಂದ ಬಿಸಿ ಅಳೆಯುವ ಗನ್ ಒಂದು ಸಾಕು (ಕೊರೊನಾ ಕಾಲದಲ್ಲಿ ಹಣೆಗೆ ಹಿಡಿದದ್ದಲ್ಲ, ಅದು ಜ್ವರಕ್ಕಷ್ಟೇ). ಪ್ರತಿ ಸಲ ಗೇರ್‌ಬಾಕ್ಸ್ ಹೌಸಿಂಗಿನ ಒಂದೇ ಜಾಗಕ್ಕೆ ಹಿಡಿದು ಬರೆದಿಡಿ. ಹೊರಮೈ ಒಳಗಿನ ಎಣ್ಣೆಗಿಂತ ತುಸು ತಣ್ಣಗೇ ಇರುತ್ತದೆ. ಹಾಗಾಗಿ ಒಂದು ದಿನದ ಅಂಕಿಗಿಂತ ವಾರದ ಏರಿಳಿತ ಮುಖ್ಯ.

ಎಣ್ಣೆಯನ್ನೂ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕಾದು ಕೆಟ್ಟಿದೆ. ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಜಾತ್ರೆಯಲ್ಲಿ ಗುಡಿಯ ಶಿಖರಕ್ಕೇ ಎಣ್ಣೆ ಎರೆಯುವ ಊರು ನಮ್ಮದು. ಗೇರ್‌ಬಾಕ್ಸಿನ ಎಣ್ಣೆ ಬದಲಿಸಿ ಎಷ್ಟು ತಾಸು ಓಡಿದೆ ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತೇವೆ.