ಸಂರಕ್ಷಿತ ಸ್ಮಾರಕಗಳು ಮತ್ತು ನೆರೆಯ ಕಟ್ಟಡಗಳು

ದೆಹಲಿಯ ಹುಮಾಯೂನ್ ಸಮಾಧಿ, ಹೈದರಾಬಾದಿನ ಚಾರ್ಮಿನಾರ್, ಪುಣೆಯ ಶನಿವಾರವಾಡೆ ಇವೆಲ್ಲವೂ ಕೇಂದ್ರ ಸರ್ಕಾರದ ಸಂರಕ್ಷಣೆಯಲ್ಲಿರುವ ಸ್ಮಾರಕಗಳು. ಇಂಥ ಅನೇಕ ಸ್ಮಾರಕಗಳ ಸುತ್ತ ದಟ್ಟವಾದ ಜನವಸತಿಯಿದೆ. ಸ್ಮಾರಕಕ್ಕೆ ಧಕ್ಕೆಯಾಗಬಾರದು, ನೆರೆಯಲ್ಲಿ ತಲೆಮಾರುಗಳಿಂದ ವಾಸಿಸುತ್ತಿರುವವರ ಸೂರೂ ಕುಸಿಯಬಾರದು. ಆದುದರಿಂದ ಯಾವ ಕೆಲಸಕ್ಕೆ ಅವಕಾಶವಿದೆ, ಯಾವುದಕ್ಕಿಲ್ಲ ಎಂಬುದನ್ನು ನಾಗರಿಕರು ತಿಳಿದಿರುವುದು ಅಗತ್ಯ.

ಸಂರಕ್ಷಣೆಯ ಘೋಷಣೆ

ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ನಿವೇಶನಗಳು ಹಾಗೂ ಅವಶೇಷಗಳ ಅಧಿನಿಯಮ, 1958ರ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾದ, ಐತಿಹಾಸಿಕ, ಪುರಾತತ್ವ ಅಥವಾ ಕಲಾತ್ಮಕ ಮಹತ್ವವುಳ್ಳ ಕಟ್ಟಡವನ್ನು ರಾಷ್ಟ್ರೀಯ ಮಹತ್ವದ ಸ್ಮಾರಕವೆಂದು ಘೋಷಿಸಬಹುದು. ಅದಕ್ಕೆ ಮುನ್ನ ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿ ಎರಡು ತಿಂಗಳ ಕಾಲಾವಕಾಶ ನೀಡುತ್ತದೆ. ಹಿತಾಸಕ್ತಿಯುಳ್ಳವರು ಈ ಅವಧಿಯಲ್ಲಿ ಆಕ್ಷೇಪಣೆ ಸಲ್ಲಿಸಬಹುದು.

ಎರಡು ವಲಯಗಳು

1992ರ ಜೂನ್ 16ರ ಅಧಿಸೂಚನೆಯು ಸ್ಮಾರಕಗಳ ಸುತ್ತ ಎರಡು ವಲಯಗಳನ್ನು ಗೊತ್ತುಪಡಿಸಿತು. 2010ರ ತಿದ್ದುಪಡಿಯಿಂದ ಇವು ಅಧಿನಿಯಮದ ಭಾಗವಾದವು. ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಎಲ್ಲ ದಿಕ್ಕುಗಳಲ್ಲಿ 100 ಮೀಟರ್‌ವರೆಗಿನದು ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಂತರವನ್ನು ಸ್ಮಾರಕದ ಗೋಡೆಯಿಂದಲ್ಲ, ಸಂರಕ್ಷಿತ ಎಲ್ಲೆಯಿಂದ ಅಳೆಯಲಾಗುತ್ತದೆ ಎಂಬುದು ಗಮನಾರ್ಹ.

ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರು ಹೊಸ ಮನೆ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ಮಾಲೀಕರು ದುರಸ್ತಿ ಅಥವಾ ನವೀಕರಣಕ್ಕೆ ಅನುಮತಿ ಕೋರಬಹುದು. ಸೋರುವ ಮಾಳಿಗೆಯನ್ನು ಸರಿಪಡಿಸುವುದು ದುರಸ್ತಿ. ಮನೆಯನ್ನು ಕೆಡವಿ ಮರಳಿ ಕಟ್ಟುವುದು ದುರಸ್ತಿಯಲ್ಲ. ನಿಯಂತ್ರಿತ ಪ್ರದೇಶದಲ್ಲಿ ಹೊಸ ನಿರ್ಮಾಣ, ಪುನರ್ನಿರ್ಮಾಣ, ದುರಸ್ತಿ ಎಲ್ಲಕ್ಕೂ ಪೂರ್ವಾನುಮತಿ ಪಡೆಯತಕ್ಕದ್ದು.

ಅನುಮತಿಯ ವಿಧಾನ

ಅರ್ಜಿಯನ್ನು ಸಕ್ಷಮ ಪ್ರಾಧಿಕಾರಿಗೆ ಸಲ್ಲಿಸಬೇಕು. ಅವರು ಅದನ್ನು 15 ದಿನಗಳೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸುತ್ತಾರೆ. ಪ್ರಾಧಿಕಾರವು ಎರಡು ತಿಂಗಳೊಳಗೆ ಶಿಫಾರಸು ನೀಡಬೇಕು. ಅದು ಬಂದ ಒಂದು ತಿಂಗಳೊಳಗೆ ಸಕ್ಷಮ ಪ್ರಾಧಿಕಾರಿಯು ತೀರ್ಮಾನ ತಿಳಿಸಬೇಕು. ಅನುಮತಿ ನಿರಾಕರಿಸುವ ಮುನ್ನ ಅರ್ಜಿದಾರರ ಅಹವಾಲನ್ನು ಕೇಳಬೇಕು. ಮನೆ ಹಳೆಯದೆಂಬುದನ್ನು ತೋರಿಸುವ ದಾಖಲೆಗಳನ್ನು ಜೋಪಾನವಾಗಿಡುವುದು ಲೇಸು.

ನಿಷೇಧಿತ ಪ್ರದೇಶದಲ್ಲಿ ನಿರ್ಮಾಣ ಕೈಗೊಂಡವರಿಗೂ ನಿಯಂತ್ರಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟಿದವರಿಗೂ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. ಸ್ಮಾರಕವನ್ನು ವಿರೂಪಗೊಳಿಸುವವರಿಗೂ ಇಷ್ಟೇ ಶಿಕ್ಷೆಯುಂಟು.

ನಗರಸಭೆಯ ಪರವಾನಗಿಯು ಈ ಅನುಮತಿಗೆ ಬದಲಿಯಲ್ಲ. ನಮ್ಮ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಸಂವಿಧಾನದ 51ಎ ವಿಧಿಯು ವಿಧಿಸಿರುವ ಕರ್ತವ್ಯಗಳಲ್ಲೊಂದು. ಮನೆ ಕೊಳ್ಳುವ ಮುನ್ನ, ಗೋಡೆ ಎತ್ತುವ ಮುನ್ನ ಸ್ಮಾರಕದ ಎಲ್ಲೆಯನ್ನು ವಿಚಾರಿಸಿದರೆ ಸ್ಮಾರಕವೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ.