ನಿನ್ನ ಪಾಲು ಯಾವುದು ಅಂತ ಮೊದಲು ತಿಳಿದುಕೋ

ಮಗಾ, ಜಮೀನಿನ ಪರಿಹಾರದ ಹಣವನ್ನೆಲ್ಲ ಸಭೆಗೆ ಕೊಟ್ಟು, ಫ್ಯಾಕ್ಟರಿ ಕೆಲಸ ಬಿಟ್ಟು, ಪೂರ್ಣಾವಧಿ ಸೇವೆಗೆ ಇಳಿಯುತ್ತೇನೆ ಅಂದೆಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ನನಗೆ ಸಂತೋಷವೇ ಆಯಿತು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ನಮ್ಮ ದೇವನಹಳ್ಳಿ ಸೀಮೆಯಲ್ಲಿ ಗುಂಟೆ ಗುಂಟೆಗೂ ಜಗಳ. ಒಂದೇ ಸಭೆಯಲ್ಲಿ ಕೂತು ಹಾಡುವ ಅಣ್ಣತಮ್ಮಂದಿರೂ ಕೋರ್ಟಿನಲ್ಲಿ ಎದುರುಬದುರು. ಅಂಥದ್ದರಲ್ಲಿ ಬಿಟ್ಟುಕೊಡುತ್ತೇನೆ ಅನ್ನುವ ಹುಡುಗ ಅಪರೂಪ.

ಆದರೆ ಬಿಟ್ಟುಕೊಡುವುದಕ್ಕೆ ಅದು ನಿನ್ನದಾಗಿರಬೇಕಲ್ಲ? ನಿಮ್ಮಪ್ಪನ ಸ್ವಂತ ಜಮೀನು ಅದು. ಉಯಿಲು ಬರೆಯದೆ ಹೋದ. ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಂತೆ ಮೂರರಲ್ಲಿ ಒಂದು ಭಾಗ ನಿಮ್ಮಮ್ಮನಿಗೆ. ಉಳಿದದ್ದು ಮಕ್ಕಳಿಗೆ ಸರಿಸಮ, ಗಂಡು ಹೆಣ್ಣು ಭೇದವಿಲ್ಲ. ನೀನೂ ಅಕ್ಕನೂ ಇಬ್ಬರೇ, ಹಾಗಾಗಿ ಮೂವರಿಗೂ ಒಂದೊಂದು ಭಾಗ. ಅಕ್ಕನಿಗೊಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಆಮೇಲೆ ಅದನ್ನು ದೇವರ ಹೆಸರಿನಲ್ಲಿ ಕೊಡುವುದು ತ್ಯಾಗವಲ್ಲ. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ತೆಗೆದು ಓದು. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲು ಅಂದುಬಿಡುವವರ ಮೇಲೆ ಯೇಸು ಸ್ವಾಮಿ ಎಷ್ಟು ಸಿಟ್ಟಾಗಿದ್ದಾರೆ!

ನಿಜವಾಗಿ ಕೊಟ್ಟವರೊಬ್ಬರ ಕಥೆ ಕೇಳು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಮೊಗ್ಲಿಂಗ್ ಅವರ ಕಾಲದಲ್ಲಿ ದೀಕ್ಷಾಸ್ನಾನ ಪಡೆದರು. ಬಾಸೆಲ್‌ಗೆ ಹೋಗಿ ಓದಿ ಬೋಧಕರಾಗಿ ಬಂದರು. ಕೊಡಗಿನಲ್ಲಿ ಒಡೆಯರ ಹೊಲದಲ್ಲಿ ಜೀತಕ್ಕಿದ್ದ ಹೊಲೆಯರು ಕ್ರೈಸ್ತರಾದಾಗ ಅವರಿಗೆ ನಿಲ್ಲಲು ನೆಲವಿರಲಿಲ್ಲ. ಕೌಂಡಿನ್ಯರು ಸ್ವಂತ ಹಣದಿಂದ ಸಿದ್ದಾಪುರದ ಬಳಿ ಜಮೀನು ಕೊಂಡರು. ಅದೇ ಆನಂದಪುರ. ಹುಟ್ಟಿನ ಹೆಮ್ಮೆ, ಮನೆತನದ ನೆರಳು, ಹಣ, ಮೂರನ್ನೂ ಬಿಟ್ಟ ಮನುಷ್ಯ. ಆದರೆ ಅವರ ಹೆಂಡತಿ ಜೊತೆಗೆ ಬರಲಿಲ್ಲ. ಕೌಂಡಿನ್ಯರ ಬಗ್ಗೆ ನನಗೆ ಅಪಾರ ಗೌರವ. ಆದರೂ ಆ ಹೆಣ್ಣುಮಗಳು ತೆತ್ತದ್ದನ್ನು ಯಾವ ಸಾಕ್ಷಿಕೂಟದಲ್ಲೂ ಯಾರೂ ಹೇಳಿದ್ದು ನಾನು ಕೇಳಿಲ್ಲ. ನೀನು ಹೊರುವ ಶಿಲುಬೆಯ ಒಂದು ತುದಿ ಯಾರ ಹೆಗಲ ಮೇಲಿದೆ ಅಂತ ತಿರುಗಿ ನೋಡು. ನಿಮ್ಮಮ್ಮನ ಮಾತ್ರೆ ಖರ್ಚು ನಿನ್ನ ಸಂಬಳದಿಂದಲೇ ನಡೆಯುತ್ತಿರುವುದು.

ಇನ್ನೊಂದು. ಕೊಟ್ಟರೆ ನೂರರಷ್ಟು ವಾಪಸು ಬರುತ್ತದೆ ಅಂತ ಯಾರಾದರೂ ಕಿವಿ ತುಂಬಿದ್ದರೆ ಆ ಹಣ ಮನೆಯಲ್ಲೇ ಇರಲಿ. ಬಡ್ಡಿಯ ಲೆಕ್ಕ ಇಟ್ಟುಕೊಂಡು ಕೊಡುವುದು ಚೀಟಿ ವ್ಯವಹಾರ.

ಮನಸ್ಸು ಹಿಂದೆಮುಂದೆ ನೋಡುತ್ತಿದ್ದರೆ ನಾಚಿಕೆ ಬೇಡ. ಗೆತ್ಸೆಮನೆಯಲ್ಲಿ ಯೇಸು ಸ್ವಾಮಿಯೂ ಆ ಪಾತ್ರೆ ತಪ್ಪಿಹೋಗಲಿ ಅಂತ ಮೊದಲು ಬೇಡಿಕೊಂಡು, ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ಟರು. ನೀನಾದರೋ ಬೇಡಿಕೊಳ್ಳುವ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀಯ. ನನ್ನ ಕಣ್ಣಿಗೆ ನೀನು ಬಿಡಬೇಕಾದ ಮೊದಲ ಆಸ್ತಿ ಆ ಹಟವೇ.

ಈ ಭಾನುವಾರ ಆರಾಧನೆ ಮುಗಿದ ಮೇಲೆ ಅಕ್ಕನನ್ನೂ ಕರೆಸು, ನಾನೂ ಬರುತ್ತೇನೆ, ಅಮ್ಮನ ಎದುರಿಗೆ ಕೂತು ಮಾತಾಡೋಣ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ, ರಾಜೀನಾಮೆಯೂ ಸೇರಿ.